ಮೂರು ಇಕ್ಕದ ಮನೆ

ನಮ್ಮ ಮನೆಯಲ್ಲಿ ಯಾರ ತಟ್ಟೆಗೂ ಮೂರು ಇಡ್ಲಿ ಬೀಳುತ್ತಿರಲಿಲ್ಲ. ಎರಡು ಹಾಕುತ್ತಿದ್ದರು, ಇಲ್ಲವೇ ನಾಲ್ಕು. ದೋಸೆಗೂ ಇದೇ ಕಾನೂನು, ಹಬ್ಬದ ಒಬ್ಬಟ್ಟಿಗೂ ಇದೇ. ಮೂರು ಇಕ್ಕುವುದು ಸತ್ತವರಿಗೆ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದಳು. ಹೇಳುವಾಗ ಯಾರೋ ಕೇಳಿಸಿಕೊಂಡುಬಿಟ್ಟಾರು ಎಂಬಂತೆ ದನಿ ತಗ್ಗಿಸುತ್ತಿದ್ದಳು. ನಂಜನಗೂಡಿನಲ್ಲಿ ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಇದ್ದದ್ದು ನಡುಮನೆ, ಅಡುಗೆಮನೆ, ಒಂದು ಕೋಣೆ. ಎಷ್ಟು ಕೋಣೆಯ ಮನೆ ಎಂದು ಯಾರಾದರೂ ಕೇಳಿದರೆ ಅಜ್ಜಿ ಬಚ್ಚಲನ್ನೂ ಸೇರಿಸಿ ನಾಲ್ಕು ಎನ್ನುತ್ತಿದ್ದಳು. ಈ ಕಾನೂನಿನಿಂದ ಹೆಚ್ಚು ಪೇಚಾಟಕ್ಕೆ ಬಿದ್ದವನು ನಾನು. ಎರಡು ಇಡ್ಲಿಗೆ ನನ್ನ ಹೊಟ್ಟೆ ತುಂಬುತ್ತಿರಲಿಲ್ಲ, ನಾಲ್ಕು ತಿನ್ನುವಷ್ಟು ಹೊಟ್ಟೆ ನನಗಿರಲಿಲ್ಲ. ಕೊನೆಗೆ ಅವ್ವ ಒಂದು ಉಪಾಯ ಕಂಡುಹಿಡಿದಳು. ಮೂರನೆಯ ಇಡ್ಲಿಯನ್ನು ಅಜ್ಜಿಯ ಕಣ್ಣೆದುರೇ ಮುರಿದು ಎರಡು ಹೋಳು ಮಾಡಿ ತಟ್ಟೆಗೆ ಹಾಕಿ ಹೇಳುತ್ತಿದ್ದಳು:

"ನಾಕಾಯ್ತು ನೋಡಿ ಅತ್ತೆ."

ಅಜ್ಜಿ ಎಣಿಸಿ ನೋಡಿ ತಲೆಯಾಡಿಸುತ್ತಿದ್ದಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಅವ್ವ ಆ ಮನೆಯಲ್ಲಿ ಗೆದ್ದ ಜಗಳ ಅದೊಂದೇ. ಆ ಮನೆಯ ಮೇಲೆ ನನಗೆ ಪ್ರೀತಿ ಇಲ್ಲ. ಹಳೆಯ ಮನೆಯ ಬಗ್ಗೆ ಬರೆಯುವವರು ಗೋಡೆ ಮುಟ್ಟಿ ಕಣ್ಣೊರೆಸಿಕೊಳ್ಳುತ್ತಾರೆ. ಈಗ ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಅದರ ಮುಂದೆ ಹಾದುಹೋಗುವಾಗ ನನಗೆ ಖುಷಿಯೇ ಆಗುತ್ತದೆ.

ನಡುಮನೆಯ ಗೋಡೆಯಲ್ಲಿ, ಸ್ವಿಚ್ ಬೋರ್ಡಿನ ಪಕ್ಕ, ಮೊಳೆಯಿಂದ ಗೀಚಿದ ಒಂದು ಅಡ್ಡಗೆರೆ ಇತ್ತು. ಅದು ಪೊಲೀಸ್ ಆಯ್ಕೆಯ ಎತ್ತರ. ಅಪ್ಪ ಹದಿನೆಂಟನೇ ವಯಸ್ಸಿನಲ್ಲಿ ಮೈಸೂರಿಗೆ ಹೋಗಿ ಆಯ್ಕೆಗೆ ನಿಂತು, ಅರ್ಧ ಇಂಚು ಕಡಿಮೆ ಬಿದ್ದು, ಎಲ್ಲರೆದುರು ಸಾಲಿನಿಂದ ಆಚೆ ಕಳಿಸಿಕೊಂಡಿದ್ದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಊರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆದ. ಅಲ್ಲಿಯೂ ಖಾಕಿ ಬಟ್ಟೆ ಇತ್ತು, ಟೋಪಿ ಇತ್ತು, ಬೆಲ್ಟ್ ಇತ್ತು. ಆ ಬೆಲ್ಟಿನ ಹಿತ್ತಾಳೆ ಬಿಲ್ಲೆಯನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಷ್ಟು ಶ್ರದ್ಧೆಯಿಂದ ಅವನು ನಮ್ಮ ಮುಖ ನೋಡಿದ್ದು ನನಗೆ ನೆನಪಿಲ್ಲ. ವರ್ಷಕ್ಕೊಮ್ಮೆ ಮನೆಗೆ ಸುಣ್ಣ ಹೊಡೆದಾಗ ಗೆರೆ ಮುಚ್ಚಿಹೋಗುತ್ತಿತ್ತು. ಮಾರನೇ ದಿನವೇ ಟೇಪು ಹಿಡಿದು ಹೊಸದಾಗಿ ಗೀಚುತ್ತಿದ್ದ. ದೇವರ ಪಟಕ್ಕೆ ಅರಿಶಿನ ಕುಂಕುಮ ತಪ್ಪಿದರೂ ಗೆರೆಗೆ ತಪ್ಪುತ್ತಿರಲಿಲ್ಲ. ಪ್ರತಿ ಭಾನುವಾರ ಎಣ್ಣೆ ನೀರು ಆದ ಮೇಲೆ ನನ್ನನ್ನು ಆ ಗೋಡೆಗೆ ನಿಲ್ಲಿಸುತ್ತಿದ್ದ.

"ಎದೆ ಎತ್ಲಾ. ಇಮ್ಮಡಿ ಊರು. ಕತ್ತು ನೆಟ್ಗಿಡು. ಥೂ, ತಿಂದಿದ್ದೆಲ್ಲ ಎಲ್ಲಿಗ್ಲಾ ಓಯ್ತದೆ?"

ತಿಂದದ್ದು ಎಲ್ಲಿಗೆ ಹೋಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಹದಿನಾಲ್ಕು ತುಂಬಿದರೂ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಾನೇ ಮೊದಲು, ಐದನೇ ಕ್ಲಾಸಿನ ಹುಡುಗರಿಗೆ ಸಮ. ದನಿ ಹೆಣ್ಣುಮಕ್ಕಳ ದನಿ. ನಮಗೆ ಫೋನು ಬರುತ್ತಿದ್ದುದು ಓಣಿಯ ಕೊನೆಯ ಮನೆಗೆ, ಅಲ್ಲಿ ನಾನು ಎತ್ತಿದರೆ ಆ ಕಡೆಯವರು "ಯಾರಮ್ಮ?" ಎನ್ನುತ್ತಿದ್ದರು. ನನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ಸುಧಾ ಒಂದು ಬೇಸಿಗೆ ರಜೆಯಲ್ಲಿ ನನ್ನನ್ನು ದಾಟಿದಳು. ಫೋಟೋ ಸ್ಟುಡಿಯೋದವನು, ಅಕ್ಕ ಹಿಂದೆ ನಿಲ್ಲಲಿ, ತಮ್ಮ ಮುಂದೆ ಬರಲಿ ಎಂದ. ಅಪ್ಪ ಅವನಿಗೆ ಏನೂ ಹೇಳಲಿಲ್ಲ. ಮನೆಗೆ ಬಂದು ಸುಧಾಳ ಮೇಲೆ ರೇಗಿದ, ಯಾಕೆ ಅಷ್ಟು ನೆಟ್ಟಗೆ ನಿಂತಿದ್ದೆ ಎಂದು. ಅಂದಿನಿಂದ ಅವಳು ನನ್ನ ಪಕ್ಕ ಬರುವಾಗ ಬೆನ್ನು ಬಗ್ಗಿಸಿ ನಡೆಯುವುದನ್ನು ಕಲಿತಳು. ಈಗಲೂ ಹಾಗೇ ನಡೆಯುತ್ತಾಳೆ.

ಮೈಸೂರಿನಲ್ಲಿ ಮಕ್ಕಳ ಬೆಳವಣಿಗೆಯನ್ನೇ ನೋಡುವ ಒಬ್ಬ ಲೇಡಿ ಡಾಕ್ಟರ್ ಇದ್ದಾರೆಂದು ಅಪ್ಪನಿಗೆ ಕಾರ್ಖಾನೆಯ ಯಾರೋ ಹೇಳಿದರು. ಅಪ್ಪ, ಅವ್ವ, ನಾನು ರೈಲಿನಲ್ಲಿ ಹೋದೆವು. ಹೊರಡುವಾಗ ಮೂವರಾಗುತ್ತೀರಿ ಎಂದು ಅಜ್ಜಿ ಸುಧಾಳನ್ನೂ ಜೊತೆಗೆ ಅಟ್ಟಿದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಎಡಗೈಯ ಎಕ್ಸ್‌ರೇ ತೆಗೆಸಿದರು. ನನ್ನ ಮೂಳೆಗಳನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ ಫಿಲ್ಮಿನಲ್ಲಿ ಪ್ರತಿ ಬೆರಳ ಮೂಳೆಯ ತುದಿಯಲ್ಲೂ ಕೂದಲೆಳೆಯಷ್ಟು ಕಪ್ಪು ಸಂದು ಇತ್ತು. ಡಾಕ್ಟರು ಪೆನ್ನಿನ ತುದಿಯಿಂದ ಅದನ್ನೇ ತೋರಿಸಿದರು.

"ಮೂಳೆ ಬೆಳೆಯೋದು ಈ ಸಂದಿನಲ್ಲೇ. ಇವನದು ಎಲ್ಲಾ ತೆರೆದೇ ಇದೆ. ಹುಡುಗನಿಗೆ ಹದಿನಾಲ್ಕೂವರೆ, ಮೂಳೆಗೆ ಇನ್ನೂ ಹನ್ನೆರಡು. ರಕ್ತದಲ್ಲೂ ಏನೂ ತೊಂದರೆ ಇಲ್ಲ. ಇದು ಕಾಯಿಲೆ ಅಲ್ಲ, ನಿಧಾನ ಅಷ್ಟೇ. ಮನೇಲಿ ಯಾರಾದ್ರೂ ಹೀಗೆ ತಡವಾಗಿ ಬೆಳೆದವರು ಇದ್ದಾರಾ?"

"ಇಲ್ಲ ಮೇಡಂ. ನಮ್ಮ ವಂಸ್ದಲ್ಲೇ ಇಲ್ಲ," ಎಂದ ಅಪ್ಪ.

ಆಗ ಅವ್ವ ಬಾಯಿಬಿಟ್ಟಳು.

"ಇವ್ರೇ ಅವ್ರಲ್ಲ ಮೇಡಂ. ಮದ್ವೆ ಫೋಟೋದಲ್ಲಿ ನಾನೂ ಇವ್ರೂ ಸಮಸಮ ಇದ್ದೀವಿ. ಆಮ್ಯಾಕೆ ಬೆಳುದ್ರು. ಮದ್ವೆ ಪ್ಯಾಂಟು ಒಂದೇ ವರ್ಸುಕ್ಕೆ ಗಿಡ್ಡ ಆಗೋಯ್ತು."

ಡಾಕ್ಟರು ನಕ್ಕುಬಿಟ್ಟರು. ಸುಧಾಳೂ ನಕ್ಕಳು. ಅವ್ವ ಹೇಳಿದ್ದು ನಿಜ. ಆ ಫೋಟೋ ನಡುಮನೆಯಲ್ಲೇ ನೇತಾಡುತ್ತಿತ್ತು. ಅದರಲ್ಲಿ ಅಪ್ಪ ಮೀಸೆ ಇಲ್ಲದ, ಅವ್ವನ ಎತ್ತರದ ಹುಡುಗ. ಆ ಹುಡುಗ ಇಪ್ಪತ್ತು ದಾಟಿದ ಮೇಲೂ ಬೆಳೆದು ಗೆರೆಗಿಂತ ಎರಡು ಬೆರಳು ಮೇಲೆ ಹೋಗಿದ್ದ. ಎರಡು ವರ್ಷ ತಾಳಿಕೊಂಡು ಮತ್ತೆ ಆಯ್ಕೆಗೆ ನಿಂತಿದ್ದರೆ ಅವನನ್ನು ಯಾರೂ ಆಚೆ ಕಳಿಸುತ್ತಿರಲಿಲ್ಲ. ಇದು ಅವನಿಗೂ ಗೊತ್ತಿತ್ತೆಂದು ನನಗೆ ಅಂದು ಅವನ ಮುಖ ನೋಡಿದಾಗ ತಿಳಿಯಿತು. ಡಾಕ್ಟರು ಮಾತ್ರ ಖುಷಿಯಾಗಿ, ಹಾಗಾದ್ರೆ ಯೋಚನೆಯೇ ಬೇಡ, ಮಗನೂ ಅಪ್ಪನ ಹಾಗೇ ತಾನಾಗಿ ಬೆಳೆಯುತ್ತಾನೆ, ಸುಮ್ಮನೆ ಕಾದರೆ ಸಾಕು ಎಂದರು. ಕಾಯುವುದಕ್ಕಾಗುವುದಿಲ್ಲ ಎಂದು ಅಪ್ಪ ಹಟ ಹಿಡಿದ. ಆಗ ಅವರು ನನ್ನ ಕಡೆ ತಿರುಗಿ, ಸ್ಕೂಲಲ್ಲಿ ರೇಗಿಸ್ತಾರಾ ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ. ಅವರು ಚೀಟಿ ಬರೆದರು.

"ಗಂಡು ಮಕ್ಕಳ ಮೈಯಲ್ಲಿ ವಯಸ್ಸಿಗೆ ಸರಿಯಾಗಿ ತಾನೇ ಹುಟ್ಟೋ ಹಾರ್ಮೋನು ಇದು, ಟೆಸ್ಟೋಸ್ಟಿರೋನ್ ಅಂತ. ಇವನದು ಮಲಗಿದೆ, ಸ್ವಲ್ಪ ತಟ್ಟಿ ಎಬ್ಬಿಸೋದು ಅಷ್ಟೇ ನಮ್ಮ ಕೆಲಸ. ತಿಂಗಳಿಗೊಂದು, ಸೀಸೆಯಲ್ಲಿ ಕಾಲು ಭಾಗ ಮಾತ್ರ. ಒಟ್ಟು ಮೂರು. ಮೂರು ಅಂದ್ರೆ ಮೂರೇ. ಆಮೇಲೆ ನಿಲ್ಲಿಸಿ ನನ್ನ ಹತ್ರ ಕರ್ಕೊಂಡು ಬನ್ನಿ. ಜಾಸ್ತಿ ಕೊಟ್ಟರೆ ಮೊದಲು ಸರಸರ ಬೆಳೀತಾನೆ, ಆದರೆ ಈ ಸಂದೆಲ್ಲ ಬೇಗ ಬೆಸೆದುಕೊಂಡುಬಿಡುತ್ತೆ. ಬೆಸೆದ ಮೇಲೆ ಯಾರಿಂದಲೂ ಏನೂ ಮಾಡೋಕಾಗಲ್ಲ."

ಅವ್ವ ಬೆರಳ ಗೆಣ್ಣಿನ ಮೇಲೆ ಒಂದು, ಎರಡು, ಮೂರು ಎಂದು ಎಣಿಸಿ ಮೂರನೆಯ ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ರೈಲಿನಲ್ಲಿ ಬರುವಾಗ ಅಪ್ಪ ನಮ್ಮ ಜೊತೆ ಕೂರಲಿಲ್ಲ, ಡಬ್ಬಿಯ ಆ ತುದಿಗೆ ಹೋಗಿ ಬಾಗಿಲಲ್ಲಿ ನಿಂತ. ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಮದುವೆಯ ಫೋಟೋವನ್ನು ಗೋಡೆಯಿಂದ ಇಳಿಸಿ ಟ್ರಂಕಿನ ತಳಕ್ಕೆ ಹಾಕಿದ. ಖಾಲಿಯಾದ ಮೊಳೆಗೆ ತನ್ನ ಖಾಕಿ ಟೋಪಿ ಸಿಕ್ಕಿಸಿದ. ಒಂದು ಹೆಂಗಸಿನ ಮುಂದೆ ಇನ್ನೊಂದು ಹೆಂಗಸು ತನ್ನನ್ನು ಗಿಡ್ಡ ಎಂದಳು, ಅವನ ತಲೆಯಲ್ಲಿ ಉಳಿದದ್ದು ಇಷ್ಟೇ. ಮಗನ ಮೂಳೆಯ ಸಂದು ಅವನ ತಲೆಯೊಳಗೆ ಹೋಗಲೇ ಇಲ್ಲ.

ಅವತ್ತು ಸಂಜೆ ಊಟಕ್ಕೆ ಕೂತಾಗ ಅಜ್ಜಿ ವಿಷಯ ಕೇಳಿದಳು. ಮುದ್ದೆ, ಹುರುಳಿಕಾಳಿನ ಸಾರು. ಅವ್ವ ಬಡಿಸುತ್ತಾ, ಮೂರು ಇಂಜೆಕ್ಷನ್ ಅಂತೆ ಎಂದಳು. ಅಜ್ಜಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಮೂರಾ? ಯಾವ ಸೀಮೆ ಡಾಕ್ಟ್ರವ್ವ ಅವ್ಳು? ಬೆಳಿಯೋ ಕೂಸ್ಗೆ ಯಾರಾದ್ರೂ ಮೂರು ಇಕ್ತಾರಾ? ಮೂರ್ಕೆ ನಿಲ್ಸಿದ್ರೆ ಕೂಸು ಅಲ್ಲೇ ನಿಂತೋಯ್ತದೆ. ಐದು ಆಕ್ಸಪ್ಪ."

"ಐದಂತೂ ಬ್ಯಾಡ ಅತ್ತೆ, ಜಾಸ್ತಿ ಆದ್ರೆ ಮೂಳೆ ಬೆಸ್ಕತದಂತೆ. ಮೂರ್ನೇದ್ನ ಅರ್ಧ ಅರ್ಧ ಮಾಡಿ ಎರಡು ದಪ ಆಕ್ಸನ. ಲೆಕ್ಕುಕ್ಕೆ ನಾಕಾಯ್ತದೆ, ಔಸ್ದಿ ಮೂರರಷ್ಟೇ ಒಳಿಕ್ಕೋಯ್ತದೆ."

ಈ ಮಾತನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಅಜ್ಜಿಯ ನಂಬಿಕೆಯೂ ಉಳಿಯುತ್ತಿತ್ತು, ಡಾಕ್ಟರ ಮಾತೂ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ. ಅಜ್ಜಿ ಎಂದಿನಂತೆ ತಲೆಯಾಡಿಸುವುದರಲ್ಲಿದ್ದಳು. ಅಷ್ಟರಲ್ಲಿ ಅಪ್ಪ ತಟ್ಟೆಯನ್ನು ಗೋಡೆಯ ಕಡೆಗೆ ತಳ್ಳಿದ. ಸಾರು ಗೆರೆಯ ಕೆಳಗೆಲ್ಲ ಚೆಲ್ಲಿತು.

"ಔಸ್ದಿ ಅಂದ್ರೆ ನಿನ್ನ ಇಡ್ಲಿ ಅನ್ಕಂಡಿದ್ದಿಯೇನೇ, ಮುರ್ದು ಮುರ್ದು ಇಕ್ಕಕ್ಕೆ? ಡಾಕ್ಟ್ರ ಮುಂದೆ ನನ್ನ ಮಾನ ಕಳ್ದಿದ್ದು ಸಾಲ್ದಾ? ಇನ್ಮೇಕೆ ಈ ಇಸ್ಯುಕ್ಕೆ ಬಾಯಿ ಆಕುದ್ರೆ ನೋಡು. ಐದು ಅಂದ್ರೆ ಐದೇಯ."

ಮಾರನೇ ಭಾನುವಾರ ಅಪ್ಪ ನನ್ನನ್ನು ಬಸ್ಸಿನಲ್ಲಿ ನರಸೀಪುರಕ್ಕೆ ಕರೆದುಕೊಂಡು ಹೋದ. ಅಲ್ಲಿ ಅಜ್ಜಿಯ ತಮ್ಮನ ಮಗ ಚಿಕ್ಕಣ್ಣ ಮಾವ ಇದ್ದ. ಯಾವುದೋ ಕಾಲದಲ್ಲಿ ಒಬ್ಬ ಡಾಕ್ಟರ ಬಳಿ ಕಾಂಪೌಂಡರ್ ಆಗಿದ್ದು, ಅವರು ತೀರಿಹೋದ ಮೇಲೆ ತಾನೇ ಒಂದು ಮಳಿಗೆ ಹಿಡಿದು, ಹೆಸರಿಲ್ಲದ ಬೋರ್ಡಿನ ಮೇಲೆ ಕೆಂಪು ಪ್ಲಸ್ ಬರೆಸಿ ಕೂತಿದ್ದ. ಸುತ್ತಲ ಹಳ್ಳಿಯವರು ಅವನನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದರು, ಅವನು ಓ ಎನ್ನುತ್ತಿದ್ದ. ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಂತೆ ಮಾಡಿ, ಅಪ್ಪ ಕೊಂಡು ತಂದಿದ್ದ ಸೀಸೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಕತ್ತು ಮುರಿದ. ಎಣ್ಣೆಯಲ್ಲಿ ಕಲಸಿದ ಔಷಧಿ ಅದು, ನಿಧಾನವಾಗಿ ಸಿರಿಂಜಿಗೆ ಏರುತ್ತಿತ್ತು.

"ಕಾಲು ಭಾಗ ಅಂತ ಬರ್ದವ್ರೆ ಬಾವ. ಒಡುದ್ಮೇಕೆ ಮಿಕ್ಕಿದ್ದ ಇಡಕ್ಕಾಗಕಿಲ್ಲ. ಚೆಲ್ಬೇಕಾಯ್ತದೆ, ಏನ್ಮಾಡನ?"

"ಚೆಲ್ಲೋದ್ಯಾಕೆ? ಪೂರ್ತಿ ಆಕ್ಬುಡು."

ಚಿಕ್ಕಣ್ಣ ಮಾವ ಪೂರ್ತಿ ಹಾಕಿದ. ಸೊಂಟದ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಎದ್ದು ವಾರವಿಡೀ ನೋಯುತ್ತಿತ್ತು. ಹಿಂದಿರುಗುವಾಗ ಅಪ್ಪ ನನಗೆ ಕಬ್ಬಿನ ಹಾಲು ಕುಡಿಸಿದ. ಸಂಗಮದ ಕಡೆಗೆ ಕರೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಪೊಲೀಸ್ ಆಯ್ಕೆಯ ದಿನ ಯಾವ ಸಾಲಿನಲ್ಲಿ ನಿಂತಿದ್ದ, ಅಳೆಯುವವನು ಕೋಲನ್ನು ಹೇಗೆ ತಲೆಯ ಮೇಲೆ ಒತ್ತಿದ, ಎಲ್ಲವನ್ನೂ ಹೇಳಿದ. ಅಪ್ಪ ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಮುಂದಿನ ತಿಂಗಳ ಸೂಜಿಯ ಭಾನುವಾರಕ್ಕೆ ಕಾಯತೊಡಗಿದೆ. ಅಪ್ಪನ ಮೇಲೆ ಎಷ್ಟು ಸಿಟ್ಟಿದ್ದರೂ ಇದನ್ನು ಮುಚ್ಚಿಡಲಾರೆ, ಆ ಸೂಜಿ ನನಗೂ ಬೇಕಿತ್ತು.

ಬೆಳೆದೆ. ಡಾಕ್ಟರು ಹೇಳಿದಂತೆಯೇ ಸರಸರ ಬೆಳೆದೆ. ಎರಡನೆಯದಕ್ಕೆ ಪ್ಯಾಂಟು ಮೇಲೆ ಸರಿಯಿತು, ಮೂರನೆಯದಕ್ಕೆ ದನಿ ಒಡೆಯಿತು, ಐದರ ಹೊತ್ತಿಗೆ ಮೀಸೆ ಚಿಗುರಿ ಮುಖವೆಲ್ಲ ಮೊಡವೆ. ಮೂರನೆಯದರ ನಂತರ ಚಿಕ್ಕಣ್ಣ ಮಾವ ಚೀಟಿಯನ್ನೇ ಕೇಳಲಿಲ್ಲ, ಸೀಸೆಗಳನ್ನು ತಾನೇ ತರಿಸಿಡುತ್ತಿದ್ದ. ಸುಧಾಳನ್ನು ಮತ್ತೆ ದಾಟಿದೆ. ಭಾನುವಾರದ ಅಳತೆಗೆ ಓಣಿಯವರೂ ಬಂದು ನಿಲ್ಲತೊಡಗಿದರು. ಅಪ್ಪ ನನ್ನ ಹೆಗಲ ಮೇಲೆ ಕೈಹಾಕಿಕೊಂಡು ಬಜಾರಿಗೆ ಹೋಗುತ್ತಿದ್ದ. ಕೋಳಿ ಸಾರು ಮಾಡಿದ ದಿನ ಕಾಲು ನನ್ನ ತಟ್ಟೆಗೇ. ಐದಕ್ಕೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಆರು ಸಮಸಂಖ್ಯೆ, ಏಳು ಶನಿಯದು, ಎಂಟು ಒಳ್ಳೆಯದಲ್ಲ, ಒಂಬತ್ತಾಗಲಿ ಎಂದಳು ಅಜ್ಜಿ. ಇಡ್ಲಿಗೆ ಬೇಕಿದ್ದ ಸಮಸಂಖ್ಯೆ ಸೂಜಿಗೆ ಯಾಕೆ ಬೇಡವಾಯಿತೆಂದು ಯಾರೂ ಅವಳನ್ನು ಕೇಳಲಿಲ್ಲ. ಒಂಬತ್ತು ಆದ ಮೇಲೆ ಹನ್ನೊಂದು, ಹನ್ನೊಂದಾದ ಮೇಲೆ ಲೆಕ್ಕ ಅಪ್ಪನ ಕೈಗೆ ಬಂತು. ಗೆರೆ ಮುಟ್ಟುವ ತನಕ ಎಂದ. ಮೈಸೂರಿನ ಡಾಕ್ಟರ ಬಳಿಗೆ ಹೋಗುವ ಮಾತನ್ನು ಅವ್ವ ಎತ್ತಿದಾಗಲೆಲ್ಲ ಮನೆಯಲ್ಲಿ ರಂಪ. ಶಾಲೆಯಲ್ಲಿ ಮಾತ್ರ ಹುಡುಗರಿಗೆ ಎಲ್ಲವೂ ಗೊತ್ತಾಗಿ ನನಗೆ ಹೊಸ ಹೆಸರು ಬಿದ್ದಿತ್ತು, 'ಪೌಡ್ರು ಅಣ್ಣು'. ನಮ್ಮೂರು ರಸಬಾಳೆಯ ಊರು. ಪೌಡರು ಹಾಕಿ ಹಣ್ಣು ಮಾಡಿದ ಬಾಳೆ ಹೊರಗೆ ಹಳದಿ, ಒಳಗೆ ದೋರೆಗಾಯಿ ಎಂಬುದು ಅಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

ಹದಿನಾಲ್ಕೋ ಹದಿನೈದೋ ಸೂಜಿ ಆಗಿತ್ತು. ಒಂದು ಭಾನುವಾರ ಅವ್ವ ನಾನೂ ಬರುತ್ತೇನೆಂದು ಬಸ್ಸು ಹತ್ತಿದಳು. ಅಪ್ಪ ತಡೆಯಲಿಲ್ಲ. ನರಸೀಪುರದಲ್ಲಿ ಚಿಕ್ಕಣ್ಣ ಮಾವ ಸೀಸೆ ಎತ್ತಿಕೊಂಡಾಗ ಅವಳು ಹೋಗಿ ನನಗೂ ಅವನಿಗೂ ನಡುವೆ ನಿಂತು ನನ್ನ ತೋಳು ಹಿಡಿದುಕೊಂಡಳು. ಹೊರಗೆ ಬೆಂಚಿನಲ್ಲಿ ಕೂತಿದ್ದವರೆಲ್ಲ ಇಣುಕಿದರು.

"ಸಾಕು ಬುಡಣ್ಣ. ಅವ್ರು ಮೂರು ಅಂದಿದ್ರು. ನನ್ ಮಗ ಗಿಡ್ಡುಕ್ಕೇ ಇರ್ಲಿ, ನಂಗೇನೂ ಇಲ್ಲ. ಬಾ ಮಗ, ಓಗನ."

ಅಪ್ಪ ಎದ್ದು ಬರುವ ಮೊದಲೇ ನಾನು ಅವಳ ಕೈ ಕೊಡವಿದೆ. ಕೊಡವಿದ್ದು ಅಂತ ಈಗ ಬರೆಯುತ್ತಿದ್ದೇನೆ, ನಿಜವಾಗಿ ಅದು ಏಟೇ. ಅವಳ ಮುಂಗೈ ಬಾಗಿಲಿಗೆ ತಗುಲಿ ಎರಡು ಗಾಜಿನ ಬಳೆ ಒಡೆದವು. ಆಮೇಲೆ ನನ್ನ ಹೊಸ ಗಡಸು ದನಿಯಲ್ಲಿ ಹೇಳಿದೆ:

"ನಿಂಗೇನ್ ಗೊತ್ತದ್ದು? ಸುಮ್ಕೆ ಆಚೆ ಕೂತ್ಕ ಓಗು."

ಅಪ್ಪನ ಮಾತು, ಅಪ್ಪನದೇ ರಾಗ. ಬೆಂಚಿನಲ್ಲಿದ್ದ ಯಾರೋ ನಕ್ಕರು. ಅಪ್ಪ ನನ್ನ ಬೆನ್ನು ತಟ್ಟಿದ. ಅವ್ವ ಬಳೆಚೂರುಗಳನ್ನು ಯಾರ ಕಾಲಿಗೂ ಚುಚ್ಚದಂತೆ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕೂತಳು. ಆ ಮನೆ ನನ್ನ ಮೂಳೆಗೆ ಏನು ಮಾಡಿತೆಂದು ನಾನು ಯಾರಿಗೆ ಬೇಕಾದರೂ ಹೇಳಿಕೊಂಡೇನು. ನನ್ನ ಬಾಯಿಗೆ ಏನು ಮಾಡಿತೆಂದು ಹೇಳಲು ಇಷ್ಟು ವರ್ಷ ಹಿಡಿಯಿತು. ಮೈಗೆ ಹಾರ್ಮೋನು ಏರಿದಾಗ ಸಿಟ್ಟು ಬರುತ್ತದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಆದರೆ ಆ ಮಾತನ್ನು ಸೂಜಿ ಕಲಿಸಿರಲಿಲ್ಲ, ನಡುಮನೆ ಕಲಿಸಿತ್ತು.

ಬೆಳವಣಿಗೆ ನಿಂತದ್ದು ಯಾವ ದಿನವೆಂದು ಹೇಳಲಾಗದು. ಒಂದು ಭಾನುವಾರ ಅಪ್ಪ ನನ್ನ ತಲೆಯ ಮೇಲೆ ಪಟ್ಟಿಯಿಟ್ಟು ಗುರುತು ಹಾಕಿದಾಗ ಅದು ಹೋದ ವಾರದ ಗುರುತಿನ ಮೇಲೇ ಬಿತ್ತು. ಅದರ ಮುಂದಿನ ವಾರವೂ ಹಾಗೇ. ಅಪ್ಪ ಇನ್ನೂ ಕೆಲವು ತಿಂಗಳು ಸೂಜಿ ಹಾಕಿಸಿದ. ಇಪ್ಪತ್ತೊಂದು ಸೂಜಿ ಆದಾಗ ಚಿಕ್ಕಣ್ಣ ಮಾವನೇ, ಯಾಕೋ ಸರಿ ಕಾಣುತ್ತಿಲ್ಲ ಬಾವ ಎಂದು ಕೈಯೆತ್ತಿದ. ಗೆರೆ ನನ್ನ ತಲೆಗಿಂತ ಆರು ಬೆರಳು ಮೇಲೆಯೇ ಇತ್ತು. ಸುಧಾ ಮೆಲ್ಲಗೆ ಮತ್ತೆ ನನ್ನನ್ನು ಹಿಡಿದಳು, ದಾಟಿದಳು. ಒಂದು ಬೆಳಗ್ಗೆ ಅಪ್ಪ ಡ್ಯೂಟಿಗೆ ಹೋದ ಮೇಲೆ ಅವ್ವ ಹಳೆಯ ಚೀಟಿಯನ್ನು ಅಕ್ಕಿ ಡಬ್ಬದ ತಳದಿಂದ ತೆಗೆದಳು. ಮೂರನೆಯ ಸೂಜಿಯ ದಿನವೇ ಅದನ್ನು ಅಲ್ಲಿ ಬಚ್ಚಿಟ್ಟಿದ್ದಳಂತೆ, ಚೀಟಿ ಇಲ್ಲದಿದ್ದರೆ ಸೂಜಿ ನಿಲ್ಲುತ್ತದೆಂದು ನಂಬಿ. ಇಬ್ಬರೂ ಮೈಸೂರಿಗೆ ಹೋದೆವು. ಅದೇ ಡಾಕ್ಟರು, ಅದೇ ಬೆಳಕಿನ ಪೆಟ್ಟಿಗೆ. ಈ ಸಲದ ಫಿಲ್ಮಿನಲ್ಲಿ ಬೆರಳ ಮೂಳೆಗಳಲ್ಲಿ ಎಲ್ಲಿಯೂ ಕಪ್ಪು ಸಂದಿರಲಿಲ್ಲ. ಡಾಕ್ಟರು ಬಹಳ ಹೊತ್ತು ನೋಡಿದರು.

"ಎಷ್ಟು ಹಾಕಿಸಿದ್ರಿ?"

"ಇಪ್ಪತ್ತೊಂದು ಮೇಡಂ. ಪೂರ್ತಿ ಸೀಸೆ."

"ಮೂರು ಅಂದಿದ್ದೆನಲ್ಲಮ್ಮ ನಾನು."

ಅವ್ವ ತಲೆ ಎತ್ತಲಿಲ್ಲ.

"ನಮ್ಮನೇಲಿ ಮೂರು ಇಕ್ಕಕಿಲ್ಲ ಮೇಡಂ."

ಡಾಕ್ಟರಿಗೆ ಅದು ಅರ್ಥವಾಯಿತೋ ಇಲ್ಲವೋ. ಬೈಯುವುದಕ್ಕೆ ಬಾಯಿ ತೆರೆದವರು ಬೈಯಲಿಲ್ಲ. ನನ್ನ ಕಡೆ ನೋಡಿ, ಇನ್ನು ಎತ್ತರ ಇಷ್ಟೇ ಕಣಪ್ಪ, ಸುಮ್ಮನಿದ್ದಿದ್ದರೆ ನಿಮ್ಮಪ್ಪನಷ್ಟು ಆಗುತ್ತಿದ್ದೆ ಎಂದರು. ಆ ಮಾತನ್ನು ಅವರು ನುಂಗಿಕೊಳ್ಳಬಹುದಿತ್ತು. ಹೇಳಿದ್ದೇ ಒಳ್ಳೆಯದಾಯಿತು, ಸಿಟ್ಟು ಯಾರ ಮೇಲೆ ಇರಬೇಕೆಂಬುದು ನನಗೆ ಅವತ್ತೇ ಖಚಿತವಾಯಿತು. ಔಷಧಿಯ ಮೇಲೆ ನನಗೆ ಸಿಟ್ಟಿಲ್ಲ, ಅವರ ಮೇಲೂ ಇಲ್ಲ. ಮನೆಗೆ ಬಂದು ಅವ್ವ ವಿಷಯ ತಿಳಿಸಿದಾಗ ಅಜ್ಜಿ, ಓಣಿಯವರ ಕಣ್ಣು ತಗುಲಿತು ಎಂದು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಪ್ಪ, ಅವ್ವನ ತವರಿನವರೆಲ್ಲ ಗಿಡ್ಡ ಎಂದ. ಮಾರನೇ ದಿನ ಒಂದು ಡಬ್ಬ ಸುಣ್ಣ ಕಲಸಿ ಆ ಗೋಡೆಯೊಂದಕ್ಕೇ ಹೊಡೆದ. ಮತ್ತೆ ಗೆರೆ ಗೀಚಲಿಲ್ಲ, ನನ್ನನ್ನು ಬಜಾರಿಗೂ ಕರೆದುಕೊಂಡು ಹೋಗಲಿಲ್ಲ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

ನಾನು ಎಕ್ಸ್‌ರೇ ತೆಗೆಯುವ ಕೆಲಸ ಕಲಿತೆ. ಇದರಲ್ಲಿ ಯಾರಿಗಾದರೂ ಅರ್ಥ ಹುಡುಕಬೇಕೆನಿಸಿದರೆ ಹುಡುಕಿಕೊಳ್ಳಲಿ, ನನಗೆ ಸಿಕ್ಕ ಕೋರ್ಸು ಅದು. ಈಗ ನರಸೀಪುರದಲ್ಲೇ ಮನೆ, ಅಲ್ಲೇ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸ. ಮಕ್ಕಳ ಎಡಗೈ ಫಿಲ್ಮು ತಿಂಗಳಿಗೆ ಒಂದೆರಡಾದರೂ ಬರುತ್ತದೆ. ಮಗುವಿನ ಕೈಯನ್ನು ಪ್ಲೇಟಿನ ಮೇಲೆ ಹರಡಿಸಿ ಇಡುವಾಗ ಜೊತೆಯಲ್ಲಿ ಬಂದವರಿಗೆ, ಡಾಕ್ಟರು ಎಷ್ಟು ಅಂದಿದ್ದಾರೋ ಅಷ್ಟೇ ಎಂದು ಹೇಳುತ್ತೇನೆ. ಇದು ನನ್ನ ಕೆಲಸವಲ್ಲ, ಒಂದೆರಡು ಸಲ ಮ್ಯಾನೇಜರಿಂದ ಬೈಸಿಕೊಂಡಿದ್ದೇನೆ. ಹೇಳುವುದನ್ನು ಬಿಟ್ಟಿಲ್ಲ. ಎತ್ತರದ ಸ್ಟೂಲು ಹಾಕಿಕೊಂಡು ಮೆಷಿನ್ನಿನ ತಲೆ ಎಳೆಯುವಾಗ ಕೆಲವರು ನಗುತ್ತಾರೆ. ನಗಲಿ.

ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಅಪ್ಪ ಈಗ ನನ್ನ ಜೊತೆ ಇದ್ದಾನೆ. ಸಕ್ಕರೆ ಕಾಯಿಲೆ, ಬೆನ್ನು ಬಾಗಿದೆ, ನಾವಿಬ್ಬರೂ ಈಗ ಹೆಚ್ಚುಕಡಿಮೆ ಸಮ. ಹೋದ ತಿಂಗಳು ಇಲ್ಲಿಯ ಡಾಕ್ಟರು ಬೆಳಗಿನ ತಿಂಡಿಗೆ ಮೂರು ಇಡ್ಲಿ, ಅದಕ್ಕಿಂತ ಹೆಚ್ಚು ಬೇಡ ಎಂದು ಬರೆದುಕೊಟ್ಟರು. ಆ ಚೀಟಿ ಓದಿದಾಗ ನನಗಾದ ಸಂತೋಷವನ್ನು ಬರೆಯಲು ನಾಚಿಕೆಯೇನಿಲ್ಲ. ಮಾರನೇ ಬೆಳಗ್ಗೆ ಹೆಂಡತಿಯ ಕೈಯಿಂದ ತಟ್ಟೆ ಕಸಿದುಕೊಂಡು ನಾನೇ ಬಡಿಸಲು ನಿಂತೆ. ಒಂದು ಹಾಕಿದೆ, ಎರಡು ಹಾಕಿದೆ, ಮೂರನೆಯದನ್ನು ಹಾಕಿ ಪಾತ್ರೆ ಮುಚ್ಚಿದೆ. ಅಪ್ಪ ತಟ್ಟೆ ನೋಡಿದ, ನನ್ನ ಮುಖ ನೋಡಿದ.

"ಮೂರು ಇಕ್ಬಾರ್ದು ಕಣ್ಲಾ. ಇನ್ನೊಂದ್ ಆಕು."

"ಡಾಕ್ಟ್ರು ಮೂರು ಅಂದವ್ರೆ. ಮೂರು ಅಂದ್ರೆ ಮೂರೇ."

ಇಷ್ಟು ವರ್ಷ ಈ ಮಾತನ್ನು ಬಾಯಲ್ಲಿಟ್ಟುಕೊಂಡು ಕಾದಿದ್ದೆ ಅನ್ನಿಸಿತು. ಅವನು ರೇಗಲಿ, ತಟ್ಟೆ ತಳ್ಳಲಿ, ಆಮೇಲೆ ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅಪ್ಪ ರೇಗಲಿಲ್ಲ. ಮೂರನೆಯ ಇಡ್ಲಿಯನ್ನು ಎತ್ತಿಕೊಂಡು ಮುರಿದು ಎರಡು ಹೋಳು ಮಾಡಿ ತಟ್ಟೆಯಲ್ಲಿ ದೂರ ದೂರ ಇಟ್ಟ.

"ನಾಕಾಯ್ತು," ಎಂದ.

"ಇದ್ನ ಯಾರು ಏಳ್ಕೊಟ್ಟಿದ್ದು ನಿಂಗೆ?" ಗೊತ್ತಿದ್ದೂ ಕೇಳಿದೆ.

"ನಿಮ್ಮವ್ವ."

ಹೇಳಿ ಅವನು ತಿನ್ನತೊಡಗಿದ. ನನಗೆ ಆ ತಟ್ಟೆಯನ್ನು ಗೋಡೆಗೆ ಬೀಸಿ ಒಗೆಯಬೇಕೆನ್ನಿಸಿತು. ಚಟ್ನಿ ಬಡಿಸಿದೆ.